ಬೆಲ್ ಸ್ವಿಚ್ಚು ಕಿತ್ತ ಅಳಿಯ

ಕೆಲಸದಿಂದ ಬಂದವಳು ಕೈಚೀಲ ಕೆಳಗಿಡುವ ಮೊದಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಒಳಗೆ ಓಡಿದರೆ ಅಪ್ಪನಿಗೆಂದು ಜೋಡಿಸಿದ್ದ ಆಟಿಕೆ ರೈಲಿನ ಮೇಜಿನಡಿಯಿಂದ ಹೊಗೆ. ಪ್ಲಗ್ ಕಿತ್ತು, ಮೇಜಿನಡಿ ನುಸುಳಿ ನೋಡಿದಳು. ಹಳಿ ಎರಡಾಗುವ ಜಾಗದ ಕೆಳಗೆ ಅವಳು ತಿಂಗಳುಗಟ್ಟಲೆ ಒದ್ದಾಡಿ ಕೂರಿಸಿದ್ದ, ಹಳಿ ಸರಿಸುವ ಪುಟ್ಟ ಮೋಟರು ಕರಗಿಹೋಗಿತ್ತು.

"ರೀ! ಯಾರು ಇದಕ್ಕೆ ಕೈ ಹಾಕಿದ್ದು?"

ಇನ್ಯಾರು ಹಾಕುತ್ತಾರೆ! ಗಂಡ ಮಹಾಶಯ ಕಂಡವರ ಮನೆಗೆಲ್ಲ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್. ಅವಳು ಆಚೆ ಹೋದದ್ದೇ ತಡ, ಅವಳು ಹಾಕಿದ್ದ ಬೆಲ್ ಸ್ವಿಚ್ಚು ಕಿತ್ತು ದೀಪದ ಸ್ವಿಚ್ಚು ಹಾಕಿದ್ದ. ಅವಳ ಅಪ್ಪನ ಬೆರಳು ಹಿಡಿದು ಅದನ್ನು ಒತ್ತಿಸಿಯೂ ಆಗಿತ್ತು.

"ಮಾವನ ಬೆರಳಲ್ಲಿ ಶಕ್ತಿ ಎಲ್ಲಿದೆ ಮಾರಾಯ್ತಿ, ಒತ್ತಿ ಹಿಡಿಯೋಕೆ? ಇದಾದ್ರೆ ಹಾಕಿದ ಹಾಗೇ ಇರುತ್ತೆ ಅಂತ..."

"ಹಾಕಿದ ಹಾಗೇ ಇರಬಾರದು ಅಂತಾನೇ ಬೆಲ್ ಸ್ವಿಚ್ ಹಾಕಿದ್ದು! ಮುಟ್ಟಿ ಬಿಟ್ರೆ ಸಾಕು, ಟಕ್ ಅಂತ ಹಳಿ ಸರಿಯುತ್ತೆ. ಕರೆಂಟು ಹರೀತಾನೇ ಇದ್ರೆ ಸುಡದೆ ಇನ್ನೇನಾಗುತ್ತೆ? ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಒಳ್ಳೇದಾಗ್ಲಿ ಅಂತ ಮಾಡಿದೆ ಕಣೇ."

"ನಿಮ್ಮ ಒಳ್ಳೇತನಕ್ಕಿಷ್ಟು ಬೆಂಕಿ ಹಾಕ!"

ಸಿಟ್ಟು ಬರದೆ ಇರುತ್ತದೆಯೇ? ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಒಂದು ಕಾಲದ ಪಾಯಿಂಟ್ಸ್‌ಮನ್. ರೈಲಿಗೆ ಹಳಿ ಬದಲಾಯಿಸುವ ಕಬ್ಬಿಣದ ಲಿವರನ್ನು ಒಂದೇ ಏಟಿಗೆ ಎಳೆಯುತ್ತಿದ್ದವನು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಲಕ್ವ ಹೊಡೆದ ಮೇಲೆ ಮಾತು ಹೋಯಿತು, ಸಿಟ್ಟೂ ಹೋಯಿತು. ಎಡಗೈಯಲ್ಲಿ ಒಂದಿಷ್ಟು ಜೀವ ಉಳಿದಿತ್ತು, ಅದನ್ನೂ ಎತ್ತುತ್ತಿರಲಿಲ್ಲ. ಗೋಡೆ ನೋಡುತ್ತ ಕೂರುತ್ತಿದ್ದ. ಈ ಹಳಿಯೊಂದನ್ನು ಅವನೇ ಬದಲಾಯಿಸಿಬಿಟ್ಟರೆ ಅಪ್ಪ ವಾಪಸ್ಸು ಸಿಗುತ್ತಾನೆ ಎಂದು ಮಗಳು ನಂಬಿಕೊಂಡಿದ್ದಳು.

ಅವಳು ಮೋಟರಿನ ವೈರುಗಳನ್ನು ಕತ್ತರಿಸಿದಳು, ಅದನ್ನು ಕಿತ್ತು ಗಂಡನ ಕಾಲ ಬುಡಕ್ಕೆ ಎಸೆದಳು. "ತಗೊಳ್ಳಿ, ಇಟ್ಕೊಂಡು ಪೂಜೆ ಮಾಡಿ!" ಅವಳಿಗೆ ಅಳು ಒತ್ತರಿಸಿ ಬಂತು, ಅದಕ್ಕೂ ಸಿಟ್ಟು ಬಂತು.

"ನಡಿ ಅಪ್ಪ, ಮಲಗಿಸ್ತೀನಿ," ಎಂದು ತಿರುಗಿದರೆ, ಅಪ್ಪನ ಎಡಗೈ ಮೇಜಿನ ಮೇಲೆ ತೆವಳುತ್ತಿತ್ತು. ಬೆರಳು ಹಳಿಯ ಕವಲಿಗೆ ತಾಗಿತು, ಜಾರಿತು, ಮತ್ತೆ ತಾಗಿತು.

"ತಾಳು ಅಪ್ಪ, ನಾನು ಹಿಡ್ಕೋತೀನಿ..."

ಚಟ್ ಎಂದು ಅವಳ ಕೈಮೇಲೆ ಏಟು ಬಿತ್ತು. ಅಪ್ಪ ದುರುಗುಟ್ಟಿ ನೋಡುತ್ತಿದ್ದ, ಥೇಟ್ ಹಳೇ ಅಪ್ಪ. ಇಷ್ಟು ದಿನ ಎತ್ತಿದ್ದು, ಕೂರಿಸಿದ್ದು, ತುತ್ತಿಟ್ಟಿದ್ದು ಎಲ್ಲದರ ಸಿಟ್ಟೂ ಆ ಏಟಿನಲ್ಲಿತ್ತು. ಆಮೇಲೆ ಅವನು ಒಂದೇ ಬೆರಳಿನಿಂದ ಹಳಿಯನ್ನು ಆಚೆ ಬದಿಗೆ ತಳ್ಳಿದ.

"ರೀ," ಎಂದಳು, ಉರಿಯುವ ಕೈ ಉಜ್ಜಿಕೊಳ್ಳುತ್ತ. "ಅಪ್ಪ ನಂಗೆ ಹೊಡೆದ!"

ಅಪ್ಪ ಅಂಗೈ ಎತ್ತಿ ಹಿಡಿದು ಕಾಯುತ್ತಿದ್ದ, ದಾರಿ ಸರಿಯಿದೆ, ರೈಲು ಬಿಡಿ ಎಂದು.

"ಏನು ನೋಡ್ತಾ ನಿಂತಿದ್ದೀರಿ? ಪ್ಲಗ್ ಹಾಕಿ!"