ಅಣ್ಣನ ಅಳತೆ

ಟೈಲರನ ಹೆಂಡತಿ ಕಿಟಕಿಯ ಬಳಿ ಕೂತು, ತೀರಿಕೊಂಡ ಭಾವನ ಹಳೆಯ ಅಂಗಿಗಳ ಗುಂಡಿ ಬಿಚ್ಚುತ್ತಿದ್ದಳು. ಬಟ್ಟೆ ಒರೆಸಲಿಕ್ಕಾಗುತ್ತದೆ, ಗುಂಡಿ ಡಬ್ಬಿಗಾಗುತ್ತದೆ.

"ನನ್ನವನ್ನೂ ಜೊತೆಗೇ ಬಿಚ್ಚಿಬಿಡು. ಮತ್ತೆ ಕತ್ತರಿ ಹುಡುಕೋದು ತಪ್ಪುತ್ತೆ," ಅಂದ ಮಂಚದ ಮೇಲಿದ್ದ ಟೈಲರ್.

"ಬಿಡ್ತು ಅನ್ರಿ!"

ಹೃದಯಾಘಾತವಾಗಿ ಅವನು ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಹೃದಯದ ಎಕೋ ಪರೀಕ್ಷೆಯ ವರದಿಯಲ್ಲಿ 'ಇ.ಎಫ್. ಮೂವತ್ತೈದು' ಎಂದಿತ್ತು. ಹಿಂದೆ ಅಣ್ಣನಿಗೂ ಹೃದಯಾಘಾತವಾದಾಗ ಅಷ್ಟೇ ಬಂದಿತ್ತು. "ನೂರಕ್ಕೆ ಮೂವತ್ತೈದು! ಶಾಲೇಲಿ ಆಗದ ಪಾಸು ಈಗ ಆದೆ ನೋಡು," ಎಂದು ಅಣ್ಣ ನಕ್ಕಿದ್ದ. ಮೈ ಹಗುರವಾಯಿತೆಂದು ಮಾತ್ರೆ ಬಿಟ್ಟ. ಮತ್ತೆ ಪರೀಕ್ಷೆಗೂ ಹೋಗಲಿಲ್ಲ. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವನು ಏಳಲೇ ಇಲ್ಲ.

ಅಣ್ಣತಮ್ಮಂದಿರದು ಒಂದೇ ಮೈಕಟ್ಟು. ಒಬ್ಬನ ಅಳತೆ ಹಿಡಿದು ಇಬ್ಬರಿಗೂ ಅಂಗಿ ಹೊಲಿದುಕೊಳ್ಳುತ್ತಿದ್ದರು. ಹೃದಯದ ಅಳತೆಯೂ ಒಂದೇ ಬಂದ ಮೇಲೆ ತನ್ನ ಗತಿಯೂ ಅದೇ ಎಂದು ಟೈಲರ್ ಮಾತ್ರೆ ಮುಟ್ಟುವುದನ್ನೇ ಬಿಟ್ಟಿದ್ದ. ಬೇರೆ ಊರಲ್ಲಿ ಮಗಳ ಮನೆಯಲ್ಲಿದ್ದ ಅತ್ತಿಗೆಗೆ ಬರೆದ ಕಾಗದ ತಲೆದಿಂಬಿನ ಕೆಳಗೇ ಉಳಿದಿತ್ತು. ಗಂಡನನ್ನು ಕಳೆದುಕೊಂಡವಳಿಗೆ ಮೈದುನನಿಗೂ ಅದೇ ಕಾಯಿಲೆ ಎಂದು ಹೇಗೆ ತಿಳಿಸುವುದು?

ಆಗ ಪಕ್ಕದ ಮನೆಯ ನರ್ಸಮ್ಮ ಯೂನಿಫಾರ್ಮ್ ಹಿಡಿದು ಬಂದಳು. ಅಣ್ಣನಿಗೆ ಚಿಕಿತ್ಸೆಯಾದ ಆಸ್ಪತ್ರೆಯಲ್ಲೇ ಅವಳಿಗೆ ಕೆಲಸ.

"ಟೈಲರಣ್ಣ, ಇದನ್ನ ಸ್ವಲ್ಪ ಸಡಿಲ ಮಾಡ್ಬೇಕಲ್ಲ. ನಾನು ದಪ್ಪ ಆಗಿಲ್ಲ, ಬಟ್ಟೆ ಕುಗ್ಗಿದೆ."

"ಪಾಪ, ಬಟ್ಟೆಗೆ ಬಾಯಿಲ್ಲ ಅಂತ ಏನು ಬೇಕಾದ್ರೂ ಹೇಳು. ನನ್ನ ಕೈಲಿ ಇನ್ನು ಹೊಲಿಗೆ ಆಗಲ್ಲಮ್ಮ. ಅರವತ್ತೈದು ಪಾಲು ಹೃದಯ ಸತ್ತೋಗಿದೆ."

"ಯಾರು ಹೇಳಿದ್ದು?"

"ನೂರರಲ್ಲಿ ಮೂವತ್ತೈದು ಕಳೆಯೋಕೆ ಯಾರು ಹೇಳ್ಬೇಕು?"

ನರ್ಸಮ್ಮ ಸ್ಟೂಲೆಳೆದು ಕೂತಳು. "ಅದು ಹಾಗಲ್ಲಣ್ಣ. ಹೃದಯದ ದೊಡ್ಡ ಕೋಣೇಲಿ ರಕ್ತ ತುಂಬುತ್ತೆ. ಒಂದ್ಸಲ ಬಡಿದಾಗ ಅದರಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತೆ ಅನ್ನೋದೇ ಈ ಸಂಖ್ಯೆ. ಗಟ್ಟಿಮುಟ್ಟಾದ ಹೃದಯವೂ ನೂರಕ್ಕೆ ನೂರು ತಳ್ಳಲ್ಲ. ಐವತ್ತೈದು, ಅರವತ್ತು ಇದ್ರೆ ಚೆನ್ನಾಗಿದೆ ಅಂತ ಅರ್ಥ. ನಿಮ್ಮದು ಕಮ್ಮಿ, ಸುಳ್ಳು ಹೇಳಲ್ಲ. ಹಾಗಂತ ಮಿಕ್ಕಿದ್ದೆಲ್ಲ ಸತ್ತಿಲ್ಲ."

"ಅಣ್ಣನದೂ ಇದೇ ಅಳತೆ..."

"ನನ್ನ ಹೋದ ವರ್ಷದ ಅಳತೆಗೇ ಈಗ ಹೊಲೀತೀರಾ?"

"ಅದೆಂಗಾಗುತ್ತೆ? ಮತ್ತೆ ಟೇಪು ಹಿಡೀಬೇಕು."

"ಹೃದಯಕ್ಕೂ ಅಷ್ಟೇ. ಪೆಟ್ಟು ಬಿದ್ದ ಹೊಸದ್ರಲ್ಲಿ ಮಂಕಾಗಿರುತ್ತೆ. ಮಾತ್ರೆ ತಗೊಂಡು ಡಾಕ್ಟರ್ ಹೇಳಿದ ಹಾಗಿದ್ರೆ ಎಷ್ಟೋ ಜನರದು ಏರುತ್ತೆ. ಅದಕ್ಕೇ ಮತ್ತೆ ಅಳೆಯೋದು. ನಿಮ್ಮಣ್ಣ ಎರಡನೇ ಅಳತೆಗೆ ಬರಲೇ ಇಲ್ಲ."

ಹೆಂಡತಿಯ ಕೈಯಲ್ಲಿ ಕತ್ತರಿ ನಿಂತಿತು. "ಭಾವನಿಗೆ ಇದನ್ನ ಯಾರೂ ಬಿಡಿಸಿ ಹೇಳಲಿಲ್ವಲ್ಲಮ್ಮ."

"ಅವರು ಕೇಳಲಿಲ್ಲ ಅಕ್ಕ. ನಾವೂ ಹೇಳಲಿಲ್ಲ," ಎಂದ ನರ್ಸಮ್ಮ ತಲೆ ತಗ್ಗಿಸಿದಳು.

ಮರುದಿನವೇ ಟೈಲರ್ ಡಾಕ್ಟರ ಬಳಿ ಹೋಗಿ, ಮಾತ್ರೆ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿದ. ಮತ್ತೆ ಶುರುಮಾಡಿದ. ಕೆಲವು ತಿಂಗಳ ನಂತರ ಇನ್ನೊಮ್ಮೆ ಎಕೋ ಮಾಡಿಸಿದರು. ನಲವತ್ತು. ಹೆಂಡತಿ ಬೇಡಿಕೊಂಡಷ್ಟು ಏರಿರಲಿಲ್ಲ.

"ಇಷ್ಟಕ್ಕೇ ನಿಲ್ಲಲೂಬಹುದು," ಎಂದರು ಡಾಕ್ಟರು. "ನಾವು ಹೇಳದೆ ಮಾತ್ರೆ ಬಿಡಬೇಡಿ. ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಊದಿಕೊಂಡರೆ, ಕೂಡಲೇ ಬನ್ನಿ."

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಟೈಲರ್ ಅತ್ತ. ತನಗಾಗಿಯೋ ಅಣ್ಣನಿಗಾಗಿಯೋ, ಹೆಂಡತಿ ಕೇಳಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯಾಘಾತವಾಗಿದ್ದರೆ ವರದಿಯನ್ನು ಮಡಿಸಿಡುವ ಮೊದಲು ಕೇಳಿ: ಈ ಸಂಖ್ಯೆ ಏನು ಹೇಳುತ್ತದೆ? ಮತ್ತೆ ಯಾವಾಗ ಅಳೆಯುತ್ತೀರಿ? ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ನಾಚಿಕೆ ಬೇಡ. ಹಗುರವಾಯಿತೆಂದು ಮಾತ್ರೆ ಬಿಡಬೇಡಿ. ಹೆದರಿಯೂ ಬಿಡಬೇಡಿ.

ಆ ಸಂಜೆ ಹೆಂಡತಿ ಭಾವನ ಒಂದು ಅಂಗಿಗೆ ಗುಂಡಿಗಳನ್ನು ತಿರುಗಿ ಹೊಲಿದಳು. ಟೈಲರ್ ಅದನ್ನೇ ತೊಟ್ಟ. ಹಳೆಯ ಕಾಗದದ ಕೊನೆಗೆ, "ಅತ್ತಿಗೆ, ನನ್ನದು ನಲವತ್ತು. ಇದ್ದೀನಿ. ಒಂದ್ಸಲ ಬಂದು ಹೋಗಿ," ಎಂದು ಸೇರಿಸಿದ. ಬೀದಿಯ ಕೊನೆಯವರೆಗೆ ಅಲ್ಲಲ್ಲಿ ನಿಂತು, ಉಸಿರು ತೆಗೆದುಕೊಂಡು ನಡೆದ. ಅಂಚೆ ಡಬ್ಬಿಯೊಳಗೆ ಕಾಗದ ಬಿದ್ದ ಸದ್ದು ಕೇಳುವವರೆಗೂ ಕೈ ಹಿಂದಕ್ಕೆ ತೆಗೆಯಲಿಲ್ಲ.