ಮ್ಯಾಟಿನಿ ಹೊತ್ತಿನ ನಗು

ಕಾಂದಿವಲಿಯ ಆ ಸಾಲುಕೋಣೆಗಳ ಚಾಳಿನಲ್ಲಿ ರಾತ್ರಿ ಎಂಟಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಕಾಂತಪ್ಪನ ನಗು ಕೇಳಿದರೆ ಸಾಕಿತ್ತು. ಫೋರ್ಟ್ ಬಡಾವಣೆಯ ಉಡುಪಿ ಹೋಟೆಲಿನಿಂದ ಆಫೀಸುಗಳಿಗೆ ಇಡೀ ದಿನ ಚಹಾ ಹೊತ್ತು, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಬಂದ ಮನುಷ್ಯ ಸುಸ್ತಾಗಬೇಕೋ ಬೇಡವೋ? ಈತನಿಗೆ ಅದೆಲ್ಲ ಇಲ್ಲ. ನಲ್ಲಿಯ ಹತ್ತಿರ ಒಂದು ತಮಾಷೆ, ಮೆಟ್ಟಿಲಲ್ಲಿ ಎರಡು, ಮನೆಯೊಳಗೆ ಕಾಲಿಡುವಾಗ ಇನ್ನೊಂದು. ತನ್ನ ತಮಾಷೆಗೆ ತಾನೇ ಮೊದಲು ನಗುತ್ತಿದ್ದ. ಕೊಡ ಬಗ್ಗಿಸಿದ ಹಾಗೆ ಗುಳುಗುಳು ಶುರುವಾಗಿ, ಮೇಲೇರಿ, ಕೊನೆಗೆ ಕಣ್ಣೊರೆಸಿಕೊಂಡು ‘ಅಬ್ಬಬ್ಬಾ’ ಎಂಬಲ್ಲಿಗೆ ಮುಗಿಯುತ್ತಿತ್ತು.

“ನಿಮ್ಮ ಯಜಮಾನ್ರು ಭಾಳ ಛಲೋ ಮನಶ್ಯಾ ನೋಡ್ರಿ,” ಎನ್ನುತ್ತಿದ್ದಳು ಪಕ್ಕದ ಕೋಣೆಯ ರುಕ್ಮಿಣಿಬಾಯಿ. ವಿಜಾಪುರದ ಕಡೆಯವಳು, ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಮನೆಯಲ್ಲಿ ಮೂರು ದಿನಕ್ಕೊಂದು ಮಾತು. “ನಮ್ಮಾಂವ ನಕ್ಕಿದ್ದು ನಾ ಕಂಡೇ ಇಲ್ಲ.”

“ಹಾಗಾದ್ರೆ ಒಂದು ವಾರ ನೀವೇ ಇಟ್ಟುಕೊಳ್ಳಿ ಮಾರಾಯ್ರೆ,” ಎನ್ನುತ್ತಿದ್ದಳು ಹೆಂಡತಿ ಸೇವಂತಿ. ಅವಳದು ತಮಾಷೆಯಾಗಿರಲಿಲ್ಲ. ಹನ್ನೆರಡು ವರ್ಷ ದಿನಾ ಹೋಳಿಗೆ ತಿಂದವರಿಗೆ ಗಂಜಿ ಬೇಕು ಅನಿಸುವುದಿಲ್ಲವೇ? ಜ್ವರ ಬಂದರೆ ತಮಾಷೆ, ಅಕ್ಕಿ ಮುಗಿದರೆ ತಮಾಷೆ. ಅವಳ ಸಿಟ್ಟಿಗೂ ಈತ ನಗುತ್ತಿದ್ದ. ಸಿಟ್ಟು ಮಾಡುವ ಹಕ್ಕೂ ಇಲ್ಲದ ಮನೆ ಎಂಥ ಮನೆ?

ಆ ವರ್ಷ ಊರಿನಿಂದ ಅವಳ ಅಪ್ಪ ತೀರಿಹೋದ ತಂತಿ ಬಂತು. ಮೂರನೆಯ ದಿನವೂ ಅವಳು ಗೋಡೆಗೆ ಒರಗಿ ಅಳುತ್ತಿದ್ದಳು. ಕಾಂತಪ್ಪ ಪಕ್ಕದಲ್ಲಿ ಕೂತು ಮಾವನ ಹಾಗೆ ಮೂಗಿನಲ್ಲಿ ಮಾತಾಡಿ, ನಶ್ಯ ಏರಿಸಿ, ಸೀನಿ ತೋರಿಸಿದ. ಹೇಗಾದರೂ ನಗಿಸೋಣ ಎಂದಷ್ಟೇ ಅವನ ಮನಸ್ಸು. ಆಮೇಲೆ ತಾನೇ ಗುಳುಗುಳು ನಕ್ಕ.

ಸೇವಂತಿ ಎದ್ದು ಹೋಗಿ, ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೀಪದ ಹತ್ತಿರ ಇಟ್ಟಳು. ಊರಿನ ಮನೆಯ ದೈವಕ್ಕೆ ಹರಕೆ ಕಟ್ಟುವುದೇ ಹಾಗೆ. “ಈ ನಗು ಒಮ್ಮೆ ಈ ಮನೆ ಬಿಟ್ಟು ಹೋಗಲಿ. ಊರಿಗೆ ಬಂದಾಗ ಕೋಳಿ ಕೊಡ್ತೇನೆ,” ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಎಂಟು ದಿನವಾಗಿರಲಿಲ್ಲ. ಹೋಟೆಲಿನ ಹಿಂದಿನ ಕಟ್ಟಡದಲ್ಲಿ ಸಿನಿಮಾಕ್ಕೆ ದನಿ ಕೂರಿಸುವ ಒಂದು ಸ್ಟುಡಿಯೋ ಇತ್ತು. ಮೊದಲಿನಿಂದ ಕೊನೆಯವರೆಗೆ ತಮಾಷೆ ಮಾಡುತ್ತಲೇ ಇರುವ ಒಂದು ಪಾತ್ರಕ್ಕೆ ಅಂದು ದನಿ ಕೊಡುತ್ತಿದ್ದರಂತೆ. ನಟನಿಗೆ ಮಾತು ಬರುತ್ತದೆ, ನಗು ಬರುವುದಿಲ್ಲ. ಚಹಾ ತಂದ ಕಾಂತಪ್ಪ ಮೆಟ್ಟಿಲಲ್ಲಿ ನಕ್ಕದ್ದು ಕೇಳಿದ ರೆಕಾರ್ಡಿಂಗಿನವನು ಅವನನ್ನು ಕೈಹಿಡಿದು ಒಳಗೆ ಎಳೆದುಕೊಂಡು ಹೋಗಿ ಮೈಕಿನ ಮುಂದೆ ನಿಲ್ಲಿಸಿದ. ಒಂದು ತಾಸು ಬಗೆಬಗೆಯಾಗಿ ನಗಿಸಿದರು.

ಆ ರಾತ್ರಿ ಚಾಳಿಗೆ ಎಂಟಾದದ್ದು ತಿಳಿಯಲಿಲ್ಲ. ಕಾಂತಪ್ಪ ಸುಮ್ಮನೆ ಬಂದ, ಸುಮ್ಮನೆ ಉಂಡ, ನಡೆದದ್ದನ್ನೆಲ್ಲ ಹೇಳಿದ.

“ದಣಿವಾಗಿರಬೇಕು ನಿಮಗೆ,” ಎಂದಳು ಸೇವಂತಿ.

“ಇಲ್ಲ. ನಗು ಬರ್ತಾ ಇಲ್ಲ ಸೇವಂತಿ. ಬಾಯಿ ತೆರೆದ್ರೆ ಬರೇ ಗಾಳಿ.”

ವಾರ ಕಳೆಯಿತು, ತಿಂಗಳು ಕಳೆಯಿತು. ಗಂಟಲಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ತಮಾಷೆಯ ಮಾತು ಶುರುಮಾಡುತ್ತಿದ್ದ, ಅರ್ಧಕ್ಕೆ ನಿಲ್ಲಿಸಿ ಏನೋ ಕಳೆದುಹೋದವನ ಹಾಗೆ ಸುತ್ತ ನೋಡುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಬೇಕೆಂದು ಬೇಡಿದ್ದ ಮೌನ ಈಗ ಸೇವಂತಿಯ ಮೈಮೇಲೆ ಒದ್ದೆ ಸೀರೆಯ ಹಾಗೆ ಅಂಟಿಕೊಂಡಿತು. ಹರಕೆಯ ವಿಷಯ ಅವಳು ಯಾರಿಗೂ ಹೇಳಲಿಲ್ಲ.

ಚಳಿಗಾಲಕ್ಕೆ ಸಿನಿಮಾ ಬಂತು, ಸ್ಟೇಷನ್ ಹತ್ತಿರದ ಟಾಕೀಸಿಗೇ. ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಒಬ್ಬಳೇ ಮ್ಯಾಟಿನಿಗೆ ಹೋದಳು. ಕತ್ತಲಲ್ಲಿ ಯಾವನೋ ಗುಂಗುರು ಕೂದಲಿನವನು ಬಾಯಿ ತೆರೆದ. ಬಂದದ್ದು ಕಾಂತಪ್ಪನ ನಗು, ಕೊನೆಯ ಅಬ್ಬಬ್ಬಾ ಸಮೇತ.

“ಎಷ್ಟು ಮುದ್ದಾಗಿದ್ದಾನೆ ಅಲ್ವಾ,” ಎಂದಳು ಮುಂದಿನ ಸಾಲಿನ ಹೆಂಗಸು.

“ಮುದ್ದಂತೆ. ತಲೆನೋವು,” ಎಂದಳು ಅವಳ ಗೆಳತಿ. “ಇಂಥವನ ಜೊತೆ ಸಂಸಾರ ಮಾಡಿದವಳನ್ನು ಕೇಳಬೇಕು.”

ಸಂಸಾರ ಮಾಡಿದವಳು ಹಿಂದಿನ ಸಾಲಿನಲ್ಲೇ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಅಂದಿನಿಂದ ವಾರಕ್ಕೆರಡು ಬಾರಿ ಹೋದಳು. ಒಟ್ಟು ಒಂಬತ್ತು ನಗು. ಮೊದಲನೆಯದು ಮೂರೂಕಾಲಿಗೆ, ಕೊನೆಯದು ಆರಕ್ಕೆ ಸ್ವಲ್ಪ ಮುಂಚೆ. ಯಾವುದರ ಹಿಂದೆ ಯಾವುದು ಎಂದು ಅವಳಿಗೆ ಬಾಯಿಪಾಠವಾಯಿತು. ಎಂಟನೆಯ ವಾರ ಕೊನೆಯ ರೀಲು ಹರಿದು, ಆಪರೇಟರು ಅಷ್ಟು ಕತ್ತರಿಸಿ ಅಂಟಿಸಿದ. ಒಂಬತ್ತನೆಯ ನಗು ಮೇಲೇರಿ ‘ಟಕ್’ ಎಂದು ನಿಂತುಬಿಡುತ್ತಿತ್ತು. ಆ ಅಬ್ಬಬ್ಬಾ ಹೋಯಿತು.

ಬರುವ ಶುಕ್ರವಾರದಿಂದ ಬೇರೆ ಸಿನಿಮಾ ಎಂದು ಬೋರ್ಡು ಬಿತ್ತು. ರೀಲಿನ ಪೆಟ್ಟಿಗೆ ಯಾವ ಊರಿಗೆ ಹೋಗುತ್ತದೋ ಯಾರಿಗೆ ಗೊತ್ತು? ಸೇವಂತಿ ಮನೆಗೆ ಓಡಿಬಂದು ಹಳದಿ ಗಂಟು ಬಿಚ್ಚಿ, ನಾಣ್ಯ ಅಂಗೈಯಲ್ಲಿಟ್ಟುಕೊಂಡು ದೀಪದ ಮುಂದೆ ಅಡ್ಡಬಿದ್ದಳು. “ತಪ್ಪಾಯ್ತು. ಆ ಟಾಕೀಸಲ್ಲಿ ಕೇಳುವ ನಗು ಉಂಟಲ್ಲ, ಅದನ್ನೇ ನಮ್ಮ ಮನೆಗೆ ಕಳಿಸು,” ಎಂದಳು. ಅಷ್ಟೇ ಕೇಳಿದಳು.

ಮರುದಿನ ಭಾನುವಾರ, ಕಾಂತಪ್ಪನಿಗೆ ರಜೆ. ಊಟ ಮುಗಿಸಿ ಕಿಟಕಿಯ ಹತ್ತಿರ ಕೂತಿದ್ದ. ಸೇವಂತಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಗುಳುಗುಳು ಕೇಳಿಸಿತು. ಅವಳ ಕೈಯ ಮೊರ ನೆಲಕ್ಕೆ ಬಿತ್ತು. ನಗು ಮೇಲೇರಿತು, ಅಬ್ಬಬ್ಬಾ ಎಂದಿತು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

“ಎಂತ ನೆನಪಾಯ್ತು? ನನಗೂ ಹೇಳಿ.”

ಕಾಂತಪ್ಪ ಅವಳ ಕಡೆ ತಿರುಗಿದ. ತನ್ನ ಗಂಟಲನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಕಾಲು ಗಂಟೆ ಕಳೆದು ಮತ್ತೆ ನಕ್ಕ. ಚಿಕ್ಕ ನಗು, ಎರಡು ಸಲ ತುಂಡಾದದ್ದು. ಅದು ಎರಡನೆಯದೆಂದು ಸೇವಂತಿಗೆ ಗೊತ್ತಿತ್ತು. ತಲೆಯೆತ್ತಿ ಗಡಿಯಾರ ನೋಡಿದಳು. ಮೂರೂವರೆ, ಟಾಕೀಸಿನಲ್ಲೂ ಅದು ಬರುವ ಹೊತ್ತು.

“ಸೇವಂತಿ,” ಎಂದ ಅವನು ಮೆಲ್ಲಗೆ. “ಇದು ನಾನಲ್ಲ.”

ಮೂರನೆಯದು ಬಂತು, ನಾಲ್ಕನೆಯದು ಬಂತು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಅವಳು ಅಂಗೈಯಿಂದ ಆ ಬಾಯಿ ಮುಚ್ಚಿದಳು. ನಗು ಬೆರಳುಗಳ ಸಂದಿನಿಂದ ಬಂತು.

ರುಕ್ಮಿಣಿಬಾಯಿ ಬಾಗಿಲಲ್ಲಿ ಇಣುಕಿದಳು. ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ. “ನಗು ತಿರಗಿ ಬಂತಲ್ಲವಾ ಯವ್ವಾ. ದೇವ್ರು ದೊಡ್ಡಾಂವ.”

“ಹೌದು,” ಎಂದಳು ಸೇವಂತಿ. “ಬಂತು.”

ಆರಕ್ಕೆ ಸ್ವಲ್ಪ ಮುಂಚೆ ಒಂಬತ್ತನೆಯದು ಶುರುವಾಯಿತು. ಮೇಲೇರಿ, ಟಕ್ ಎಂದು ನಿಂತಿತು. ಅವನ ಬಾಯಿ ತೆರೆದೇ ಉಳಿಯಿತು. ಮುಚ್ಚಲು ಬಾರದೆ, ಉಸಿರೆಳೆಯಲು ಬಾರದೆ ಅವನು ಅವಳ ಮುಖವನ್ನೇ ನೋಡಿದ. ಏನು ಬೇಕೆಂದು ಅವಳಿಗೆ ಅರ್ಥವಾಯಿತು. ಹತ್ತಿರ ಕೂತು ಅವನ ಗಲ್ಲ ಹಿಡಿದು, ಅವನ ಪರವಾಗಿ ತಾನೇ ಹೇಳಿದಳು: “ಅಬ್ಬಬ್ಬಾ.”

ಬಾಯಿ ಮುಚ್ಚಿಕೊಂಡಿತು. ಅವನು ಅವಳ ಹೆಗಲಿಗೆ ತಲೆಯಿಟ್ಟ. ಮ್ಯಾಟಿನಿ ಬಿಟ್ಟಿತ್ತು. ಆರೂವರೆಗೆ ಫಸ್ಟ್ ಶೋ ಇತ್ತು.