ಬಾಗಿಲ ಹಿಂದಿನ ಬೀಗದಕೈ

ಮತ್ತೆ ಆ ಸದ್ದು, ಬಕೆಟ್ಟಿಗೆ ಹಿತ್ತಾಳೆ ಬೀಳುವ ಸದ್ದು, ಮೂಲೆಮನೆಯವಳದ್ದಿರಬೇಕು, ಎರಡು ಸಲ ಕೇಳಿಸಿತು, ಸತ್ತ ಗಂಡನದ್ದನ್ನೂ ಹಾಕಿದಳೇನೊ, ಬೀದಿಗೆ ಬೀದಿಯೇ ಹಳೆಯ ಬೀಗದಕೈ ಕೊಡುತ್ತಿದೆ, ಕರಗಿಸಿ ಕಾರ್ಮಿಕನ ಪ್ರತಿಮೆ ಮಾಡುತ್ತಾರಂತೆ, ನಮ್ಮ ರೊಸಾರಿಯೊ ಊರಲ್ಲೇ ಅಷ್ಟೆತ್ತರದ್ದು ಇನ್ನೊಂದಿಲ್ಲವಂತೆ, ಮುಚ್ಚಿದ ಮಾಂಸದ ಕಾರ್ಖಾನೆಯ ಎದುರು ನಿಲ್ಲುತ್ತದಂತೆ — ಕಾರ್ಖಾನೆ ಇದ್ದಾಗ ಕಾರ್ಮಿಕ ಬೇಡವಾಗಿದ್ದ, ಈಗ ಕಾರ್ಖಾನೆಯೇ ಇಲ್ಲ, ಅವನು ಮಾತ್ರ ನಿಲ್ಲಬೇಕು. ನನ್ನ ಗಂಡ ನಿಕಾನೋರ್ ಇದ್ದಿದ್ದರೆ ನಗುತ್ತಿದ್ದ. ಚೌಕದಲ್ಲಿ ಕುದುರೆ ಏರಿದ ಸೇನಾಪತಿಯನ್ನು ನೋಡಿದಾಗಲೆಲ್ಲ, ಎಲ್ವಿರಾ, ಇಷ್ಟು ಕಂಚಲ್ಲಿ ನಮ್ಮ ಓಣಿಗೆಲ್ಲ ನಲ್ಲಿ ಆಗ್ತಿತ್ತಲ್ಲೇ, ಕುದುರೆ ಬಾಲದಲ್ಲೇ ನಿಂಗೊಂದು, ಎನ್ನುತ್ತಿದ್ದ, ಒಡೆಯನೂ ಬೇಡ ಸರ್ಕಾರವೂ ಬೇಡ ಎನ್ನುತ್ತಿದ್ದವನಿಗೆ ಪ್ರತಿಮೆ ಬೇಕೇ, ಕಾರ್ಮಿಕ ಸಂಘದ ಸಂಜೆಶಾಲೆಯಲ್ಲಿ ನನಗೆ ಓದು ಕಲಿಸಿದವನೂ ಅವನೇ, ಆದರೂ ನಾನು ಓದಿದ್ದು ಎಷ್ಟು, ಅವನ ಮಾತನ್ನು ತಪ್ಪಾಗಿ ನೆನೆಯುತ್ತಿದ್ದೇನೊ ಏನೊ — ಅಗೊ, ಇನ್ನೊಂದು ಸದ್ದು, ಹತ್ತಿರ ಬಂತು. ಬಾಗಿಲ ಹಿಂದಿನ ಮೊಳೆಯಲ್ಲಿರುವುದು ಅವನ ಬೀಗದಕೈ. ಆವತ್ತು ಬೆಳಗಿನ ಪಾಳಿಗೆ ಹೊರಟವನು ಮರೆತ, ನಾನು ಕೂಗಿದೆ, ತಿರುಗಿ ನಕ್ಕ, ಇರ್ಲಿ ಬಿಡೇ, ತೆಗೆಯೋಕೆ ನೀನಿಲ್ವಾ. ಕಾರ್ಖಾನೆಯ ಗೇಟಿನಲ್ಲೇ ಸೈನಿಕರು ವ್ಯಾನಿಗೆ ಹತ್ತಿಸಿದರು, ಸೇನೆಯೇ ಆಳುತ್ತಿದ್ದ ಕಾಲ, ಅಷ್ಟೆ, ಹೆಣವಿಲ್ಲ, ಗೋರಿಯಿಲ್ಲ, ಮಗಳು ಮಿರ್ತಾ ಆಗ ತೊಟ್ಟಿಲಲ್ಲಿದ್ದಳು, ಈಗ ಅವಳ ತಲೆಯಲ್ಲೇ ಬಿಳಿಗೂದಲು ಇಣುಕುತ್ತಿದೆ, ನಾನು ಇಲ್ಲೇ ಇದ್ದೇನೆ, ಸಾಂತಾ ಫೆಯಲ್ಲಿ ಅಕ್ಕ ತೀರಿಕೊಂಡಾಗಲೂ ಹೋಗಲಿಲ್ಲ, ರೊಟ್ಟಿಯಂಗಡಿಗೆ ಹೋದರೂ ಬೀಗ ಹಾಕುವುದಿಲ್ಲ, ಅವನು ಬಂದು ನಿಂತರೆ. ಕೊಟ್ಬಿಡಮ್ಮಾ, ನಿನ್ನೆಯೂ ಮಿರ್ತಾ ಹೇಳಿದಳು, ಅಪ್ಪ ಬರಲ್ಲ ಅಂತ ನಿಂಗೂ ಗೊತ್ತು, ಇನ್ನೂ ಎಷ್ಟು ಕಾವಲು ಕೂರ್ತೀಯ. ಕೊಟ್ಟರೆ ಅವನು ಸತ್ತನೆಂದು ನಾನೇ ಹೇಳಿದ ಹಾಗೆ. ಕೊಡದಿದ್ದರೆ ಹುಚ್ಚಿ, ಇರಬಹುದು, ಅದನ್ನು ಯಾರನ್ನು ಕೇಳಲಿ.

ಎಲ್ವಿರಮ್ಮಾ, ಬಂದ್ವಿ ನೋಡಿ — ಸಂಘದ ಕಾರ್ಯದರ್ಶಿ ಬರ್ಗಾನ್ಸಿ, ಕಾರ್ಖಾನೆ ಮುಚ್ಚುವ ಒಪ್ಪಂದಕ್ಕೆ ಸಹಿ ಹಾಕಿದ ಕೈಯಲ್ಲೇ ಬಕೆಟ್ಟು, ಹಿಂದೆ ಟಿವಿಯವರು, ಬೀದಿಯ ಹೆಂಗಸರು, ಅವರ ನಡುವೆ ಮಿರ್ತಾ. ಸಂಗಾತಿ ನಿಕಾನೋರ್‌ದು ಎಲ್ಲಾರದರ ಹಾಗಲ್ಲ ಕಣಮ್ಮ, ಅದನ್ನ ಪ್ರತಿಮೆ ಎದೆಗೇ ಹಾಕಿಸ್ತೀನಿ. ಎದೆಗಂತೆ. ಆವತ್ತು ಗೇಟಿನಲ್ಲಿ ನೀನೂ ನಿಂತಿದ್ದೆಯಲ್ಲ ಬರ್ಗಾನ್ಸಿ, ಕೇಳಬೇಕು, ಕೇಳಲಾರೆ, ಕ್ಯಾಮೆರಾದ ದೀಪ ಕಣ್ಣಿಗೆ ಹೊಡೆಯುತ್ತದೆ, ಕೈ ಬಾಗಿಲ ಹಿಂದೆ ಹೋಗುತ್ತದೆ, ಬೆರಳು ತಗಲಿ ಮೊಳೆಯ ಮೇಲೆ ಅದು ತೂಗುತ್ತದೆ, ತಣ್ಣಗಿದೆ, ಬೆರಳು ಹಿಡಿಯುವುದಿಲ್ಲ, ಕೈ ಬಾಗಿಲ ಮರೆಯಲ್ಲೇ ಕೆಳಗಿಳಿದು ಏಪ್ರನ್ನಿನ ಜೇಬು ಹುಡುಕುತ್ತದೆ, ಅಲ್ಲಿರುವುದು ನನ್ನದು, ಆವತ್ತಿನಿಂದ ಬೀಗ ಕಾಣದ ನನ್ನ ಬೀಗದಕೈ, ಬಕೆಟ್ಟಿಗೆ ಬಿದ್ದಾಗ ಎಲ್ಲರದ್ದರ ಹಾಗೆಯೇ ಸದ್ದು ಮಾಡಿತು. ಬರ್ಗಾನ್ಸಿ ಅದನ್ನು ಹೆಕ್ಕಿ ಕ್ಯಾಮೆರಾದೆದುರು ಮುತ್ತಿಟ್ಟ, ಸಂಗಾತಿ ನಿಕಾನೋರ್ ಎಂದು ಕೂಗಿದ, ಇಲ್ಲೇ ಇದ್ದಾನೆ ಎಂದು ಬೀದಿ ಕೂಗಿತು, ಚಪ್ಪಾಳೆ, ಮಿರ್ತಾ ಅಳುತ್ತ ಬಂದು ತಬ್ಬಿಕೊಂಡಳು, ಒಳ್ಳೇದು ಮಾಡ್ದೆ ಅಮ್ಮಾ, ಈ ಭಾನುವಾರ ಬೀಗ ಹಾಕ್ಕೊಂಡು ನಮ್ಮನೇಗ್ ಬಾ, ಯಾವುದರಿಂದ ಹಾಕಲಿ ಮಗಳೇ, ನಿನ್ನ ಬೆನ್ನಿಗೇ ಬಾಗಿಲು, ಬಾಗಿಲ ಹಿಂದೆ ಮೊಳೆ, ಮೊಳೆಯ ಮೇಲೆ ಅದು ತೂಗುತ್ತಿದೆ, ಇನ್ನೂ ತೂಗುತ್ತಿದೆ —